ಅಮಾವಾಸ್ಯೆಗೆ ಮಾತ್ರ ಹತ್ತುವ ಲೈನು

ನಾಗೇಶ ಯಾವ ಶಾಖೆಗೆ ಹೋದರೂ ಮೊದಲು ಮಾಡುವ ಕೆಲಸ, ಕಂಪ್ಯೂಟರಿನ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುವುದು. ಎದುರಿಗೆ ನಿಂತವರಿಗೆ ಅದರ ಬೆನ್ನು ಮಾತ್ರ ಕಾಣಬೇಕು. ಆಮೇಲೆ ಹುಬ್ಬು ಗಂಟಿಕ್ಕಿ, ಕೀಲಿಮಣೆಯ ಮೇಲೆ ಸ್ವಲ್ಪ ಹೊತ್ತು ಬೆರಳಾಡಿಸಿ, ದೊಡ್ಡದೊಂದು ಉಸಿರು ಬಿಡುತ್ತಾನೆ. ಅಷ್ಟು ಹೊತ್ತೂ ಅವನು ಮಾಡಿರುವುದು ಒಂದೇ, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡುವುದು. ಅದು ಮತ್ತೆ ಏಳುವುದರೊಳಗೆ ಯಾರಾದರೊಬ್ಬರು ಚಹಾ ತರಿಸಿರುತ್ತಾರೆ. ಚಹಾ ಮುಗಿಯುವುದರೊಳಗೆ ಅವನಿಗೆ ಕಾರಣ ಸಿಕ್ಕಿರುತ್ತದೆ. ಕಾರಣ ಯಾವಾಗಲೂ ಎದುರಿಗಿರುವವರ ಕಡೆಯದು.

"ನನ್ನ ಕಡಿಂದ ಎಲ್ಲಾ ಕ್ಲಿಯರ್ ಐತ್ರಿ." ಇದು ಅವನ ಮಾತು. ಮನೆಯ ನೀರಿನ ತೊಟ್ಟಿ ತುಂಬಿ ಹರಿದು ಅಡುಗೆಮನೆಯೆಲ್ಲ ಒದ್ದೆಯಾದ ದಿನವೂ ಹೆಂಡತಿ ದೀಪಿಕಾಳಿಗೆ ಅವನು ಹೇಳಿದ್ದು ಇದನ್ನೇ. ಮೋಟರಿನ ಸ್ವಿಚ್ಚು ಹಾಕಿ ಮರೆತವನು ಅವನೇ.

ನವಲಿಯ ಭತ್ತದ ಗದ್ದೆಗಳ ನಡುವೆ ಹುಟ್ಟಿದವನು ನಾಗೇಶ. ಕೆಸರಿಗೆ ಇಳಿಯುವುದು ತನ್ನಂಥವನ ಕೆಲಸವಲ್ಲ ಎಂದು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದ. ತನ್ನಂಥವನು ಎಂದರೆ ಎಂಥವನು ಎಂಬುದು ಮನೆಯವರಿಗೆ ಕೊನೆಗೂ ತಿಳಿಯಲಿಲ್ಲ. ಗಂಗಾವತಿಗೆ ಬಂದು ಮೊಬೈಲ್ ರೀಚಾರ್ಜಿನ ಡಬ್ಬಿ ಅಂಗಡಿ ಇಟ್ಟ. ಅದಾದ ಮೇಲೆ ಮನೆಮನೆಗೆ ಟಿವಿ ಡಿಶ್ ಕಟ್ಟಿದ. ಮೋಡ ಕವಿದರೆ ಚಿತ್ರ ನಿಲ್ಲುತ್ತಿತ್ತು. ಮೋಡಕ್ಕೆ ತಾನು ಜವಾಬ್ದಾರನಲ್ಲ ಎನ್ನುತ್ತಿದ್ದ. ಆಮೇಲೆ ಸಿಸಿಟಿವಿ ಕ್ಯಾಮೆರಾ. ಒಂದು ಅಕ್ಕಿ ಗಿರಣಿಯಲ್ಲಿ ಕಳವಾಗಿ ಪೊಲೀಸರು ಬಂದು ನೋಡಿದರೆ, ಅವನು ಕೂರಿಸಿದ ಕ್ಯಾಮೆರಾದಲ್ಲಿ ಕಂಡದ್ದು ಒಂದು ಗೋಡೆ, ಗೋಡೆಯ ಮೇಲೆ ಒಂದು ಹಲ್ಲಿ. ಹಲ್ಲಿ ಮಾತ್ರ ಬಹಳ ಸ್ಪಷ್ಟವಾಗಿತ್ತು. ಬೈಗುಳ ಬಂದು ಮುಟ್ಟುವ ಮೊದಲೇ ಒಂದು ಕಸುಬಿನಿಂದ ಇನ್ನೊಂದಕ್ಕೆ ದಾಟುವುದು, ಈ ಒಂದು ವಿದ್ಯೆಯಲ್ಲಿ ಅವನಿಗೆ ನಿಜವಾದ ಪರಿಣತಿ ಇತ್ತು.

ಹಾಗೆ ದಾಟುತ್ತ ದಾಟುತ್ತ ಅವನು ಬಂದು ಸೇರಿದ್ದು ಕೊಪ್ಪಳದ ಸಿರಿನೆಲ ಬೀಜ-ಗೊಬ್ಬರ ಸಹಕಾರ ಸಂಘಕ್ಕೆ. ಅಲ್ಲಿ ಅವನು ನೆಟ್‌ವರ್ಕ್ ಇಂಜಿನಿಯರ್. ಆ ಪದವಿಯನ್ನು ಯಾವ ಕಾಲೇಜೂ ಕೊಟ್ಟದ್ದಲ್ಲ, ಮೋಟರ್ ಸೈಕಲ್ಲಿನ ಮುಂದೆ ತಾನೇ ಬರೆಸಿಕೊಂಡದ್ದು. ಜನ ಅವನನ್ನು ನೆಟ್ ನಾಗೇಶ ಎಂದು ಕರೆದರು. ಅವನಿಗೆ ಅದು ಬಿರುದಿನಂತೆ ಕೇಳಿಸಿತು.

ಸಂಘದ ಮುಖ್ಯ ಕಚೇರಿ ಕೊಪ್ಪಳದಲ್ಲಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಶಾಖೆಗಳು. ಶಾಖೆಗಳ ಕಂಪ್ಯೂಟರುಗಳು ಕೊಪ್ಪಳದ ದೊಡ್ಡ ಕಂಪ್ಯೂಟರನ್ನು ಮುಟ್ಟುವುದು ವಿಪಿಎನ್ ಎಂಬ ಸೇವೆಯ ಮೂಲಕ. ಎಲ್ಲರೂ ಓಡಾಡುವ ಇಂಟರ್ನೆಟ್ಟಿನ ಬಯಲಿನಲ್ಲಿ ಹೊರಗಿನವರ ಕಣ್ಣಿಗೆ ಬೀಳದಂತೆ ಮಾಡಿಕೊಂಡ ಮುಚ್ಚು ದಾರಿ ಅದು. ಸೇವೆ ಕೊಡುವುದು ಹುಬ್ಬಳ್ಳಿಯ ಒಂದು ಕಂಪನಿ. ದಾರಿಯ ಬಾಗಿಲು ತೆಗೆಯಲು ಪ್ರತಿ ಶಾಖೆಗೂ ಅದರದೇ ಒಂದು ಐಡಿ, ಒಂದು ಪಾಸ್‌ವರ್ಡ್. ಬಾಗಿಲು ತೆರೆದರೆ ರೈತನ ಹೆಸರು, ಹೊಲ, ಅವನ ಪಾಲಿನ ಗೊಬ್ಬರ ಪರದೆಯ ಮೇಲೆ ಬರುತ್ತದೆ. ತೆರೆಯದಿದ್ದರೆ ಗೋದಾಮಿನ ತುಂಬ ಚೀಲವಿದ್ದರೂ ಒಂದನ್ನೂ ಎತ್ತಿ ಹೊರಗೆ ಕೊಡುವ ಹಾಗಿಲ್ಲ. ಇಷ್ಟನ್ನೂ ಎಲ್ಲರೂ ಸೇರಿ ಚಿಕ್ಕದಾಗಿ 'ಲೈನು' ಎಂದು ಕರೆಯುತ್ತಿದ್ದರು.

ಮುಂಗಾರು ಬಿದ್ದು ಯಲಬುರ್ಗಾದ ಕರಿನೆಲದಲ್ಲಿ ಗೊಂಜಾಳ, ಅಂದರೆ ಮೆಕ್ಕೆಜೋಳ, ಮೊಣಕಾಲೆತ್ತರ ಬಂದಾಗ ಯೂರಿಯಾಕ್ಕೆ ಜನ ಮುಗಿಬಿದ್ದರು. ಶಾಖೆಯ ಮುಂದೆ ಸರತಿ. ಬಿಸಿಲಿಗೆ ನಿಲ್ಲಲಾಗದವರು ತಮ್ಮ ಬದಲು ಚಪ್ಪಲಿ ಬಿಟ್ಟು ಬೇವಿನ ನೆರಳಿಗೆ ಹೋಗಿ ಕೂತಿದ್ದರು. ಚಪ್ಪಲಿಗಳ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಒಳಗೆ ಲೈನು ಬರುವುದು, ಹೋಗುವುದು, ಬರುವುದು, ಹೋಗುವುದು.

ಯಲಬುರ್ಗಾದ ಕಂಪ್ಯೂಟರಿನ ಮುಂದೆ ಕೂರುವವಳು ದುರ್ಗಾದೇವಿ. ಮಂಗಳೂರಿನವಳು, ಯಲಬುರ್ಗಾ ಸೀಮೆಯ ಮಂಗಳೂರು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವಳು. ಅಪ್ಪ ಮಾರೆಪ್ಪ, ಅವ್ವ ದುರುಗವ್ವ ಇಬ್ಬರೂ ಇವತ್ತಿಗೂ ಕೂಲಿಗೆ ಹೋಗುತ್ತಾರೆ. ಗಂಡನ ಮನೆಯಲ್ಲೂ ಅದೇ. ಎರಡೂ ಮನೆತನಗಳಲ್ಲಿ ನೆರಳಿನಲ್ಲಿ ಕುಳಿತು ದುಡಿದವಳು ಅವಳೊಬ್ಬಳೇ. ಆ ಕುರ್ಚಿಗೆ ಕಾಯಂ ಎಂಬುದಿಲ್ಲ; ಕೊಪ್ಪಳದ ಕಾರ್ಯದರ್ಶಿ ಯಮನೂರಪ್ಪ ವರ್ಷಕ್ಕೊಮ್ಮೆ "ಇರ್ಲಿ" ಅಂದರೆ ಇದೆ, ಇಲ್ಲವಾದರೆ ಇಲ್ಲ. ಅದು ಅವಳಿಗೂ ಗೊತ್ತು, ನಾಗೇಶನಿಗೂ ಗೊತ್ತು.

"ಅಣ್ಣಾರ, ಲೈನ್ ಹೋತ್ರಿ."

"ಆಫ್ ಮಾಡಿ ಆನ್ ಮಾಡು."

"ಮಾಡೇನ್ರಿ. ಬರತೈತಿ, ಮತ್ತ ಹೋಗತೈತಿ."

"ಬರತೈತಿಲ್ಲೋ? ಹಂಗಾದ್ರ ನನ್ನ ಕಡಿಂದ ಕ್ಲಿಯರ್ ಐತಿ ತಂಗಿ. ಹೋಗೂದು ನಿಮ್ಮ ಕಡಿಂದ."

ಕೊನೆಗೆ ಅವನು ಯಲಬುರ್ಗಾಕ್ಕೆ ಬರಲೇಬೇಕಾಯಿತು. ಪರದೆ ತಿರುಗಿಸಿಕೊಂಡ, ಉಸಿರು ಬಿಟ್ಟ, ಚಹಾ ಕುಡಿದ. ವೈರು ಬದಲಿಸಿದ. ದೇವರ ಫೋಟೋದ ಕೆಳಗಿದ್ದ ರೂಟರನ್ನು, ಅಂದರೆ ಲೈನು ಬಂದು ಸೇರುವ ಆ ದೀಪ ಮಿಣುಕುವ ಡಬ್ಬಿಯನ್ನು, ಊದಿನಕಡ್ಡಿಯ ಹೊಗೆ ಹೊಗುತ್ತದೆಂದು ಕಬ್ಬಿಣದ ಕಪಾಟಿನ ತಲೆಯ ಮೇಲೆ ಇಟ್ಟ. ಲೈನು ಮತ್ತೆ ಹೋಯಿತು. ಕಿಟಕಿಯಲ್ಲಿ ಇಟ್ಟ. ಹೋಯಿತು. ಆಗ ಅವನು ಹೊರಗೆ ಹೋಗಿ ನೆಲವನ್ನು ನೋಡಿದ.

"ಒಣಾ ಭೂಮಿ. ಅರ್ಥಿಂಗ್ ಸಿಗವಲ್ದು. ಇಲ್ಲಿ ದಿನಾ ಒಂದ್ ಕೊಡ ನೀರ್ ಹಾಕ್ರಿ."

ಕಟ್ಟಡದ ಮೂಲೆಯಲ್ಲಿ ಹೂತ ಕಬ್ಬಿಣದ ಸರಳಿನ ಬುಡಕ್ಕೆ ದುರ್ಗಾದೇವಿ ದಿನವೂ ನೀರು ಹೊಯ್ದಳು. ಯಲಬುರ್ಗಾದಲ್ಲಿ ನೀರು ಹಾಗೆ ಹೊಯ್ಯುವ ವಸ್ತುವಲ್ಲ. ಸರತಿಯಲ್ಲಿದ್ದ ಫಕೀರಮ್ಮ ಎಂಬ ಹಿರಿಯಳು ಬೇವಿನ ಕೆಳಗಿಂದಲೇ ಕೂಗಿದಳು, "ಯವ್ವಾ, ಸರಳು ಚಿಗತ್ರ ಹೇಳು, ಅದಕ್ಕೂ ಒಂದ್ ಚೀಲ ಯೂರಿಯಾ ಹಾಕೂಣು!"

ಸರಳು ಚಿಗುರಲಿಲ್ಲ. ಬಂದ ಲೈನು ನಿಲ್ಲಲಿಲ್ಲ.

ಅದೇ ದಿನಗಳಲ್ಲಿ ಗಂಗಾವತಿ ಶಾಖೆಯಲ್ಲೂ ಲೈನು ಹೀಗೇ ಬಂದು ಹೋಗುತ್ತಿತ್ತು. ಅಲ್ಲಿ ಕಂಪ್ಯೂಟರಿಗೆ ಕೂರುವವಳು ಕಸ್ತೂರೆಮ್ಮ. ನಾಗೇಶ ಅಲ್ಲಿ ಹೇಳಿದ ಕಾರಣ ಬೇರೆ. "ಕಾಲುವಿಗೆ ನೀರ್ ಬಿಟ್ಟಾರ, ಗಾಳ್ಯಾಗ ತ್ಯಾವ ಭಾಳ ಐತಿ. ರೂಟರ್ ಬುಡಕ ಒಂದ್ ತಾಟಿನ್ಯಾಗ ಅಕ್ಕಿ ಇಡ್ರಿ, ತ್ಯಾವ ಹೀರತಾವ." ಗಂಗಾವತಿಯಲ್ಲಿ ಅಕ್ಕಿಗೆ ಬರವಿಲ್ಲ. ಕಸ್ತೂರೆಮ್ಮ ಇಟ್ಟಳು. ಹೀಗೆ ಒಂದೇ ಜಿಲ್ಲೆಯ ಒಂದೇ ರೋಗಕ್ಕೆ ಒಂದೂರಲ್ಲಿ ನೀರು, ಇನ್ನೊಂದೂರಲ್ಲಿ ಅಕ್ಕಿ. ಎರಡೂರಿನವರು ಕೂತು ಮಾತಾಡಿದ್ದರೆ ನಗುವುದರೊಳಗೆ ನಿಜ ಹೊರಬೀಳುತ್ತಿತ್ತು. ಆದರೆ ಶಾಖೆಯವರು ಶಾಖೆಯವರಿಗೆ ಫೋನು ಮಾಡಬಾರದು, ಏನಿದ್ದರೂ ತನಗೇ ಹೇಳಬೇಕು ಎಂಬುದು ನಾಗೇಶನ ನಿಯಮ. ಇಬ್ಬರು ತಿಳಿಯದವರು ಸೇರಿದರೆ ಗೊಂದಲ ಹೆಚ್ಚುತ್ತದೆ ಎಂದು ಅವನ ವಾದ. ತನ್ನನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನೀರೂ ಕೆಲಸ ಮಾಡದಿದ್ದಾಗ ನಾಗೇಶ ಮತ್ತೆ ಯಲಬುರ್ಗಾಕ್ಕೆ ಬಂದ. ಈ ಸಲ ಬದಲಿಸಲು ವೈರು ಉಳಿದಿರಲಿಲ್ಲ, ಇಡಲು ಜಾಗ ಉಳಿದಿರಲಿಲ್ಲ. ಬಾಗಿಲಲ್ಲಿ ಜನ ನಿಂತಿದ್ದರು, ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಸುತ್ತ ಕಣ್ಣಾಡಿಸಿದ. ಕೋಣೆಯಲ್ಲಿ ಹೊಸದಾಗಿ ಕಂಡದ್ದು ಒಂದೇ, ದುರ್ಗಾದೇವಿಯ ಕೈತುಂಬ ಇದ್ದ ಹಸಿರು ಗಾಜಿನ ಬಳೆ. ತವರಿನವರು ಇಡಿಸಿದ್ದು.

"ಈ ಬಳಿ ಯಾವಾಗ ಹಾಕ್ಕೊಂಡಿ?"

"ಮೊನ್ನಿ ಮೊನ್ನಿ ಹಾಕ್ಕೊಂಡೇನ್ರಿ. ಯಾಕ್ರಿ ಅಣ್ಣಾರ?"

"ಅದಽ ಮತ್ತ! ಕೀಬೋರ್ಡ್ ಮ್ಯಾಲ ಗಾಜ್ ತಿಕ್ಕಿದ್ರ ಸ್ಟ್ಯಾಟಿಕ್ ಕರೆಂಟ್ ಹುಟ್ಟತೈತಿ. ಅದು ಸಿಗ್ನಲ್ ಒಡೀತೈತಿ. ತಗಿ ಅವನ್ನ."

ಲೈನು ಹೋಗತೊಡಗಿದ್ದು ಬಳೆ ಇಡಿಸುವುದಕ್ಕಿಂತ ಮೊದಲು. ದುರ್ಗಾದೇವಿ ಹಾಗೆಂದು ಹೇಳಲು ಬಾಯಿ ತೆರೆದಳು. ಆದರೆ ಅವನು ಆಗಲೇ ಜನರ ಕಡೆಗೆ ತಿರುಗಿ, ಗಾಜಿನ ಬಗ್ಗೆ ವಿವರಿಸತೊಡಗಿದ್ದ. ಬಳೆಗಾರ ಅಳತೆ ನೋಡಿ ಬಿಗಿಯಾಗಿ ಏರಿಸಿದ ಬಳೆಗಳು ಸುಮ್ಮನೆ ಇಳಿಯುವುದಿಲ್ಲ. ಅವಳು ಹಿಂದಿನ ನಲ್ಲಿಗೆ ಹೋಗಿ, ಸಾಬೂನು ಹಚ್ಚಿ, ಹಲ್ಲು ಕಚ್ಚಿ ಒಂದೊಂದಾಗಿ ಇಳಿಸಿದಳು. ಒಂದೆರಡು ಒಡೆದವು. ಉಳಿದವನ್ನು ಮೇಜಿನ ಡ್ರಾದಲ್ಲಿಟ್ಟು ಬರಿಗೈಯಲ್ಲಿ ಕುಳಿತಳು. ಅಂದಿನಿಂದ ದಿನವೂ ಬಂದೊಡನೆ ಬಳೆ ಇಳಿಸುವುದು, ಸಂಜೆ ಬಸ್ಸಿಗೆ ಹೋಗುವ ಮೊದಲು ಏರಿಸುವುದು. ಬರಿಗೈಯಲ್ಲಿ ಮನೆಗೆ ಹೋದರೆ ಅತ್ತೆ ಹೊಸ್ತಿಲು ದಾಟಿಸುವುದಿಲ್ಲ.

ಫಕೀರಮ್ಮ ಕಿಟಕಿಯ ಹೊರಗಿನಿಂದ ಎಲ್ಲ ನೋಡಿದಳು.

"ಏ ತಮ್ಮಾ, ಗಂಡ ಜೀವಂತ ಇರೂ ಹೆಣ್ಮಗಳ ಕೈ ಬರಿದು ಮಾಡ್ಸಿದ್ಯಲ್ಲೋ. ನಿನ್ನ ಲೈನಿಗೇನ್ ಮುತ್ತೈದೇರ್ ಆಗಂಗಿಲ್ಲೇನು?"

"ಇದು ಟೆಕ್ನಿಕಲ್ ಯವ್ವಾ. ನಿನಗ ತಿಳಿಯಂಗಿಲ್ಲ."

"ನಿನಗರ ತಿಳೀತೈತೇನು?"

ಜನ ನಕ್ಕರು. ನಾಗೇಶನೂ ನಕ್ಕ, ನಗು ತನ್ನ ಪರವಾಗಿಯೇ ಇದೆ ಎಂಬಂತೆ.

ಬಳೆ ಇಳಿದ ಮರುದಿನ ಲೈನು ಬೆಳಗಿನಿಂದ ಸಂಜೆಯವರೆಗೆ ಒಮ್ಮೆಯೂ ಹೋಗಲಿಲ್ಲ. ನಾಗೇಶ ಕೊಪ್ಪಳಕ್ಕೆ ಫೋನು ಮಾಡಿ ತನ್ನ ಬಳೆಯ ಶೋಧವನ್ನು ಕಾರ್ಯದರ್ಶಿಗೆ ವಿವರಿಸಿದ. ಅದರ ಮರುದಿನ ಲೈನು ಎಂದಿನಂತೆ ಹೋಯಿತು. ಮಧ್ಯದ ಆ ಒಂದು ದಿನ ಅಮಾವಾಸ್ಯೆಯಾಗಿತ್ತು ಎಂದು ಯಾರೋ ನೆನಪಿಸಿದರು. ಹಿಂದಿನ ಅಮಾವಾಸ್ಯೆಗೂ ಲೈನು ಛಲೋ ಇತ್ತು ಎಂದು ದುರ್ಗಾದೇವಿ ಹೇಳಿದಳು. ಇನ್ನೊಬ್ಬನಾಗಿದ್ದರೆ ಇದು ಯಾಕೆ ಹೀಗೆ ಎಂದು ಒಂದು ಘಳಿಗೆ ಯೋಚಿಸುತ್ತಿದ್ದ. ನಾಗೇಶ ಯೋಚನೆಯ ಗೋಜಿಗೆ ಹೋಗದೆ ನೇರವಾಗಿ ವಿವರಣೆಗೆ ಹೋದ.

"ಅಮಾಸಿಗೆ ಚಂದ್ರನ ಎಳತ ಇರಂಗಿಲ್ರಿ. ಗಾಳಿ ಹಗೂರ ಇರತೈತಿ. ಸಿಗ್ನಲ್ ಸಲೀಸಾಗಿ ಹರಿದಾಡತೈತಿ."

ಮಾತು ಹಳ್ಳಿಗಳಿಗೆ ಹಬ್ಬಿತು. ಕುಕನೂರಿನ ಕಡೆಯವರು ಕೂಡ ಅಮಾವಾಸ್ಯೆಯ ದಿನವೇ ನೋಡಿಕೊಂಡು ಗೊಬ್ಬರಕ್ಕೆ ಬರತೊಡಗಿದರು. ಅಂದು ಚಪ್ಪಲಿಗಳ ಸಾಲು ಬಸ್ ನಿಲ್ದಾಣದ ತನಕ ಹೋಯಿತು. ನಾಗೇಶ ರೂಟರಿಗೆ ನಿಂಬೆಹಣ್ಣು ಕಟ್ಟಿಸಿ, ಕಾಯಿ ಒಡೆಸಿ, ಕುಂಕುಮ ಹಚ್ಚಿಸಿದ. ಕುಂಕುಮ ಗಾಳಿಯಾಡುವ ತೂತುಗಳೊಳಗೆ ಹೋಯಿತು. ಆ ರೂಟರು ಸುಟ್ಟು, ಹೊಸದು ಬಂತು.

ಗೊಂಜಾಳಕ್ಕೆ ತಿಥಿ ನೋಡಿ ಗೊಬ್ಬರ ಉಣ್ಣುವುದು ಗೊತ್ತಿಲ್ಲ. ಹೊಲಗಳಲ್ಲಿ ಬೆಳೆ ಹಳದಿಗೆ ತಿರುಗಿತು. ರೈತರು ಕೊಪ್ಪಳಕ್ಕೆ ಹೋಗಿ ಕಾರ್ಯದರ್ಶಿಯ ಕೋಣೆಯಲ್ಲಿ ಕುಳಿತುಬಿಟ್ಟರು. ಯಮನೂರಪ್ಪ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಕೋಣೆ ಖಾಲಿಯಾಗಬೇಕು ಎಂಬುದಷ್ಟೇ ಅವನ ಬಯಕೆ. ನಾಗೇಶನನ್ನು ಕರೆಸಿದ.

"ಏನಪಾ, ಕಾರಣ ಏನು?"

"ಆಪರೇಟರ್ ಹ್ಯಾಂಡ್ಲಿಂಗ್ ರಾಂಗ್ ಐತ್ರಿ ಸಾಹೇಬ್ರ."

"ಕನ್ನಡದಾಗ ಹೇಳು."

"ಆ ಹೆಣ್ಮಗಳ ಕೈಗುಣ ಸರಿ ಇಲ್ರಿ."

"ಕೈಗುಣ ಅಂದ್ರ?"

"ನಾ ಎಲ್ಲಾ ಚೆಕ್ ಮಾಡೇನ್ರಿ. ವೈರ್ ಹೊಸಾದು, ರೂಟರ್ ಹೊಸಾದು. ಹಳೀದು ಅಂತ ಉಳಿದಾಕಿ ಆಕಿ ಒಬ್ಬಾಕಿನ."

ಯಮನೂರಪ್ಪನಿಗೆ ಈ ತರ್ಕ ಹಿಡಿಸಿತು. ಶುಕ್ರವಾರದ ಸಭೆಯಲ್ಲಿ ಇದನ್ನೇ ಎಲ್ಲರ ಮುಂದೆ ಹೇಳು, ದುರ್ಗಾದೇವಿಯನ್ನು ತೆಗೆದುಬಿಡೋಣ ಅಂದ. ಕೋಣೆಯಿಂದ ಹೊರಗೆ ಬಂದ ನಾಗೇಶ ನೆಮ್ಮದಿಯಾಗಿ ಗಿರಮಿಟ್ಟು ತಿಂದು ಗಂಗಾವತಿಗೆ ಹೊರಟ.

ಸಭೆಗೆ ಇನ್ನೂ ಒಂದೆರಡು ದಿನವಿತ್ತು. ಗಂಗಾವತಿ ಶಾಖೆಯಲ್ಲಿ ಕಸ್ತೂರೆಮ್ಮನ ಪ್ರಿಂಟರು ಕೈಕೊಟ್ಟಿತ್ತು. ಅದನ್ನು ನೋಡಲು ನಾಗೇಶ ಅವಳ ಕುರ್ಚಿಯಲ್ಲಿ ಕುಳಿತ. ಪಕ್ಕದಲ್ಲಿ ರೂಟರು, ಕೆಳಗೆ ಅಕ್ಕಿಯ ತಾಟು.

"ಅಕ್ಕಿಗೆ ಹುಳ ಹಿಡದಾವ್ರಿ ನಾಗೇಶಣ್ಣ," ಅಂದಳು ಕಸ್ತೂರೆಮ್ಮ. "ಬದಲಿ ಮಾಡ್ಲೋ, ಇಲ್ಲಾ ಹುಳಕ್ಕೂ ನೆಟ್ ಬೇಕಾಗೇತೇನು?"

ಅಷ್ಟರಲ್ಲಿ ಅವನ ಕಣ್ಣೆದುರೇ ಲೈನು ಹೋಯಿತು. ಅವನು ಮತ್ತೆ ಹತ್ತಿಸಿದ. ಹತ್ತಿತು. ಕೂಡಲೇ ಅವನ ಫೋನು ಬಡಿಯಿತು. ಯಲಬುರ್ಗಾ.

"ಅಣ್ಣಾರ, ಈಗ ಹೋತ್ರಿ."

"ಆಫ್ ಮಾಡಿ ಆನ್ ಮಾಡು."

ಅವಳು ಮಾಡಿದಳು. "ಹತ್ತಿತ್ರಿ," ಅಂದಳು ಅತ್ತಲಿಂದ. ಇತ್ತ ಗಂಗಾವತಿಯ ಪರದೆಯಲ್ಲಿ ಲೈನು ಹೋಯಿತು. ನಾಗೇಶ ಹತ್ತಿಸಿದ. "ಅಯ್ಯ, ಮತ್ತ ಹೋತ್ರಿ," ಅಂದಳು ದುರ್ಗಾದೇವಿ. ಒಂದೇ ಕುರ್ಚಿಗೆ ಇಬ್ಬರನ್ನು ಕಳಿಸಿದಂತೆ, ಒಬ್ಬರು ಕೂತರೆ ಇನ್ನೊಬ್ಬರು ಕೆಳಗೆ. ನಾಗೇಶ ಫೋನು ಇಟ್ಟು ಪರದೆಯನ್ನು ದಿಟ್ಟಿಸಿದ. ಬಾಗಿಲಿನ ಐಡಿ ಅಲ್ಲಿತ್ತು. ಗಂಗಾವತಿಯ ಐಡಿ. ಅದನ್ನು ತಾನು ಇನ್ನೆಲ್ಲಿ ಹಾಕಿದ್ದೆ ಎಂಬುದು ಆಗ ಅವನಿಗೆ ನೆನಪಾಯಿತು.

ಕಳೆದ ಚಳಿಗಾಲದ ಮಾತು. ಯಲಬುರ್ಗಾದ ಕಂಪ್ಯೂಟರು ಕೆಟ್ಟು, ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಬೇಕಾಗಿತ್ತು. ವಿಪಿಎನ್ ಪಾಸ್‌ವರ್ಡ್ ಅವನಿಗೆ ಮರೆತಿತ್ತು. ತನ್ನ ಹೆಸರು ಹಾಕಿ ನೋಡಿದ, ಹೆಂಡತಿಯ ಹೆಸರು ಹಾಕಿ ನೋಡಿದ, ಮೋಟರ್ ಸೈಕಲ್ಲಿನ ನಂಬರು ಹಾಕಿ ನೋಡಿದ. ತಪ್ಪುಗಳ ಮಿತಿ ಮೀರಿ ಬಾಗಿಲು ತಾನೇ ಮುಚ್ಚಿಕೊಂಡಿತು. ಹುಬ್ಬಳ್ಳಿಗೆ ಒಂದು ಫೋನು ಮಾಡಿದ್ದರೆ ತೆರೆದುಕೊಡುತ್ತಿದ್ದರು. ಆದರೆ ಫೋನು ಮಾಡಿದರೆ, ಮರೆತೆ ಎಂದು ಹೇಳಬೇಕು. ನೆಟ್‌ವರ್ಕ್ ಇಂಜಿನಿಯರು ಮರೆತೆ ಎನ್ನುವುದೇ? ಗಂಗಾವತಿಯ ಐಡಿಯನ್ನೇ ಯಲಬುರ್ಗಾಕ್ಕೂ ತುಂಬಿ, ಕಣ್ಣಿಗೆ ಕಾಣದಂತೆ ತಾನೇ ತೆರೆದುಕೊಳ್ಳುವ ಹಾಗೆ ಮಾಡಿಟ್ಟ. ಸದ್ಯಕ್ಕೆ ನಡೆಯಲಿ ಅಂದುಕೊಂಡ. ಚಳಿಗಾಲದಲ್ಲಿ ಕೆಲಸ ಕಡಿಮೆ, ನಡೆಯಿತು. ಮುಂಗಾರಿನಲ್ಲಿ ಎರಡೂ ಶಾಖೆಗಳು ದಿನವಿಡೀ ಒಂದೇ ಐಡಿ ಹಿಡಿದು ಜಗ್ಗಾಡಿದವು. ಅಮಾವಾಸ್ಯೆಗೆ ಗಂಗಾವತಿಯ ಹಮಾಲರು ಮೂಟೆ ಮುಟ್ಟುವುದಿಲ್ಲ, ಪೇಟೆ ಮುಚ್ಚಿರುತ್ತದೆ, ಶಾಖೆಯೂ ತೆರೆಯುವುದಿಲ್ಲ. ಆ ಒಂದು ದಿನ ಐಡಿ ಪೂರ್ತಿಯಾಗಿ ಯಲಬುರ್ಗಾದ್ದು. ಚಂದ್ರನಿಗೆ ಇದರಲ್ಲಿ ಯಾವ ಪಾತ್ರವೂ ಇರಲಿಲ್ಲ.

"ಯಾಕ್ರಿ, ಮಾರಿ ಒಂಥರಾ ಆಗೇತಿ? ನೀರ್ ಬೇಕೇನ್ರಿ?" ಕಸ್ತೂರೆಮ್ಮ ಕೇಳಿದಳು.

"ತ್ಯಾವ ಭಾಳ ಐತಿ," ಅಂದ ನಾಗೇಶ.

ಹೊರಗೆ ಬಂದು, ಬೇವಿನ ಮರದ ಹಿಂದೆ ನಿಂತು ಹುಬ್ಬಳ್ಳಿಗೆ ಫೋನು ಮಾಡಿದ. ಏನು ಕೇಳಿದರೆ ಏನು ಹೇಳಬೇಕೆಂದು ಮೂರ್ನಾಲ್ಕು ಸುಳ್ಳುಗಳನ್ನು ಜೋಡಿಸಿಟ್ಟುಕೊಂಡಿದ್ದ. ಅತ್ತಲಿನ ಹುಡುಗಿ ಒಂದನ್ನೂ ಕೇಳಲಿಲ್ಲ. ಯಲಬುರ್ಗಾದ ಐಡಿ ತೆರೆದು ಹೊಸ ಪಾಸ್‌ವರ್ಡ್ ಹೇಳಿ, ಇನ್ನೇನಾದರೂ ಸಹಾಯ ಬೇಕೇ ಸರ್ ಎಂದು ಕೇಳಿ ಇಟ್ಟಳು. ಚಳಿಗಾಲದಲ್ಲಿ ಅವನು ಹೆದರಿದ್ದು ಇಷ್ಟಕ್ಕೆ.

ಈಗ ಮಾಡಬೇಕಾದ್ದು ಸರಳವಿತ್ತು. ಅಂದೇ ಯಲಬುರ್ಗಾಕ್ಕೆ ಹೋಗಿ ಹೊಸ ಪಾಸ್‌ವರ್ಡ್ ಹಾಕುವುದು. ತಪ್ಪು ಒಪ್ಪಿಕೊಳ್ಳುವ ಅಗತ್ಯವೂ ಇರಲಿಲ್ಲ. ಸರಿಯಾಯಿತು ಎಂದಿದ್ದರೆ ಸಾಕಿತ್ತು, ಯಮನೂರಪ್ಪ ಮುಂದಕ್ಕೆ ಕೇಳುವವನಲ್ಲ. ಆದರೆ ನಾಗೇಶ ಇನ್ನೊಂದು ದಾರಿಯಲ್ಲಿ ಯೋಚಿಸಿದ. ದುರ್ಗಾದೇವಿ ಕುಳಿತಿರುವಾಗಲೇ ಲೈನು ಸರಿಯಾದರೆ, ತಪ್ಪು ದುರ್ಗಾದೇವಿಯದಲ್ಲ ಎಂದಾಗುತ್ತದೆ. ಅವಳದಲ್ಲದಿದ್ದರೆ ಯಾರದು ಎಂಬ ಪ್ರಶ್ನೆ ಬರುತ್ತದೆ. ಅವಳು ಎದ್ದುಹೋದ ಮೇಲೆ ಸರಿಯಾದರೆ ಯಾವ ಪ್ರಶ್ನೆಯೂ ಬರುವುದಿಲ್ಲ. ಅವನು ಪಾಸ್‌ವರ್ಡನ್ನು ಜೇಬಿನಲ್ಲಿಟ್ಟುಕೊಂಡು ಕಾದ. ಅಷ್ಟು ದಿನ ರೈತರು ಚಪ್ಪಲಿ ಬಿಟ್ಟು ಕಾದರು. ಅವನ ಇಡೀ ವೃತ್ತಿಜೀವನದಲ್ಲಿ ರೋಗವೂ ಮದ್ದೂ ಎರಡೂ ಸರಿಯಾಗಿ ಗೊತ್ತಿದ್ದ ದಿನಗಳು ಅವೇ. ಆ ದಿನಗಳಲ್ಲಿ ಅವನು ಏನೂ ಮಾಡಲಿಲ್ಲ.

ಶುಕ್ರವಾರ ಸಭೆಯಲ್ಲಿ ಕೈಗುಣದ ಮಾತು ಹೇಳಿದ. ಯಾರೂ ಎದುರು ಮಾತಾಡಲಿಲ್ಲ. ಮಧ್ಯಾಹ್ನ ಯಲಬುರ್ಗಾಕ್ಕೆ ಫೋನು ಹೋಯಿತು. ಸೋಮವಾರದಿಂದ ಬರುವುದು ಬೇಡ ಎಂದು ಯಮನೂರಪ್ಪ ದುರ್ಗಾದೇವಿಗೆ ಹೇಳಿದ. ಅವಳು ಯಾಕೆ ಎಂದು ಕೇಳಿದಳು. "ಲೈನ್ ಸರಿ ಆಗವಲ್ದವಾ, ಏನ್ ಮಾಡೂದು," ಅಂದ ಅವನು. ಅವಳು ಎದ್ದು ಸೆರಗು ಸರಿಮಾಡಿಕೊಂಡು, ಸರತಿಯವರ ಮುಂದೆಯೇ ಹೊರಗೆ ಹೋಗಿ ಸಿಕ್ಕ ಬಸ್ಸು ಹತ್ತಿದಳು. ಬಳೆ ಡ್ರಾದಲ್ಲೇ ಉಳಿದವು. ಬರಿಗೈ ನೋಡಿ ಅತ್ತೆ ಕೇಳಿದ ಮೊದಲ ಮಾತು ಕೆಲಸದ್ದಲ್ಲ, ಬಳೆಯದ್ದು.

ಸೋಮವಾರ ನಾಗೇಶ ಕಾರ್ಯದರ್ಶಿಯನ್ನು ಜೀಪಿನಲ್ಲಿ ಕರೆದುಕೊಂಡೇ ಯಲಬುರ್ಗಾಕ್ಕೆ ಬಂದ. ನೋಡಲಿ ಎಂದು. ಪರದೆಯನ್ನು ತಿರುಗಿಸಿಕೊಂಡು ಯಲಬುರ್ಗಾದ್ದೇ ಐಡಿ, ಹೊಸ ಪಾಸ್‌ವರ್ಡ್ ಹಾಕಿದ. ಲೈನು ಹತ್ತಿತು. ಚಹಾ ಬಂತು, ಮುಗಿಯಿತು, ಲೈನು ಹೋಗಲಿಲ್ಲ.

"ನೋಡ್ರಿ ಸಾಹೇಬ್ರ. ಇವತ್ತೇನು ಅಮಾಸಿ ಅಲ್ಲ."

ಯಮನೂರಪ್ಪ ತಲೆಯಾಡಿಸಿದ. "ಹಂಗಾದ್ರ ಜನಕ್ಕ ಗೊಬ್ಬರ ಕೊಡು."

ಇಲ್ಲಿ ಒಂದು ಅಡಚಣೆ ಬಂತು. ಹೊಸ ಆಪರೇಟರು ಇನ್ನೂ ಸಿಕ್ಕಿರಲಿಲ್ಲ. ನಾಗೇಶನೇ ಕುಳಿತ. ರೈತನ ಹೆಸರು ಎಲ್ಲಿ ತೆಗೆಯಬೇಕು, ಹೊಲ ಎಲ್ಲಿ ನೋಡಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಆಪರೇಟರು ಏನು ಕೆಲಸ ಮಾಡುತ್ತಾಳೆ ಎಂದು ಅವನು ಯಾವತ್ತೂ ಕೇಳಿರಲಿಲ್ಲ. ಸರತಿಯಲ್ಲಿ ಗುಜುಗುಜು ಎದ್ದಿತು. ಜನ ತಮ್ಮ ತಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬಂದು ತುಂಬಿದರು.

ಆ ಹೊತ್ತಿಗೆ ದುರ್ಗಾದೇವಿ ಬಂದಳು. ಬಳೆ ಒಯ್ಯಲು. ಜನ ದಾರಿ ಬಿಟ್ಟರು. ಅವಳು ಕಾರ್ಯದರ್ಶಿಗೆ ಕೈಮುಗಿದು, ನಾಗೇಶನ ಮಗ್ಗುಲಲ್ಲಿ ಬಗ್ಗಿ ಡ್ರಾ ಎಳೆದು, ಹಸಿರು ಬಳೆಗಳನ್ನು ತೆಗೆದು ಮೇಜಿನ ಮೇಲೆ, ರೂಟರಿನ ಪಕ್ಕ ಇಟ್ಟಳು. ಒಂದನ್ನು ಎತ್ತಿ ಕೈಗೆ ಏರಿಸಿದಳು.

"ಹೋತೇನ್ರಿ ಅಣ್ಣಾರ?"

ಯಮನೂರಪ್ಪ ಕುತೂಹಲಕ್ಕೆ ಪರದೆಯನ್ನು ಜನರ ಕಡೆಗೆ ತಿರುಗಿಸಿದ. ಆ ಪರದೆಯ ಮುಖವನ್ನು ಜನ ನೋಡಿದ್ದು ಅದೇ ಮೊದಲು.

ಅವಳು ಇನ್ನೊಂದು ಏರಿಸಿದಳು. "ಈಗರ ಹೋತೇನ್ರಿ?" ಮತ್ತೊಂದು. ಎರಡೂ ಕೈಗೆ ಏರಿಸಿ, ಕೀಲಿಮಣೆಯ ಮೇಲೆ ಕೈಯಿಟ್ಟು, ಗಾಜು ತಿಕ್ಕುವ ಹಾಗೆ ಅಡ್ಡಡ್ಡ ಎಳೆದಳು. ಬಳೆಗಳು ಗಲಗಲ ಅಂದವು. ಲೈನು ಹಾಗೇ ಇತ್ತು.

"ಹಂಗಾದ್ರ ಬಳಿ ಅಲ್ಲ," ಅಂದಳು ದುರ್ಗಾದೇವಿ. "ಕೈನೂ ಅಲ್ಲ."

ಕಿಟಕಿಯಲ್ಲಿ ಫಕೀರಮ್ಮ ತಡೆಯಲಾರದೆ ನಕ್ಕಳು. "ಯಪ್ಪಾ ಸಾಹೇಬಾ, ಬಳಿ ಹಾಕ್ಕೊಂಡಾಕಿ ಕುಂತ್ರ ಗೊಬ್ಬರ ಸಿಗತೈತಿ. ಈ ಬಳಿ ತಗಸಾಂವನ್ನ ಎಬ್ಬಸು, ನಮಗ ಹೊತ್ತಾಗತೈತಿ."

"ಈಗ ಹೊಸಾ ರೂಟರ್ ಐತ್ರಿ, ಅದಕ್ಕ…" ಎಂದು ನಾಗೇಶ ಶುರುಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಯಮನೂರಪ್ಪ ಬಾಗಿಲು ತುಂಬಿದ ಜನರನ್ನೂ ಖಾಲಿ ಕೈಯ ನಾಗೇಶನನ್ನೂ ನೋಡಿದ. ಇಲ್ಲೂ ಅವನಿಗೆ ಬೇಕಾದದ್ದು ಒಂದೇ, ಕೋಣೆ ಖಾಲಿಯಾಗಬೇಕು. "ಎದ್ದೇಳೋ," ಅಂದ. ನಾಗೇಶ ಎದ್ದ. ದುರ್ಗಾದೇವಿ ಕುಳಿತಳು. ಕತ್ತಲಾಗುವ ಮೊದಲು ಸರತಿ ಕರಗಿತು.

ಅವಳನ್ನು ತೆಗೆದದ್ದಕ್ಕೆ ಸಭೆಯಾಗಿತ್ತು, ಮತ್ತೆ ಕೂರಿಸಿದ್ದಕ್ಕೆ ಏನೂ ಆಗಲಿಲ್ಲ. ಯಾರೂ ಅವಳಿಗೆ ತಪ್ಪಾಯಿತು ಎನ್ನಲಿಲ್ಲ. ಮರುದಿನ ಅವಳು ಎಂದಿನ ಬಸ್ಸಿಗೆ ಬಂದಳು, ಅದಕ್ಕೆ ಯಾರೂ ಬೇಡ ಎನ್ನಲಿಲ್ಲ. ಎರಡು ಶಾಖೆಗೆ ಒಂದೇ ಐಡಿ ಹಾಕಿದ ಸಂಗತಿ ಇವತ್ತಿಗೂ ನಾಗೇಶನೊಬ್ಬನಿಗೇ ಗೊತ್ತು. ಲೈನು ಸರಿಮಾಡಿದವನು ಎಂದು ಸಂಘದವರು ಅವನಿಗೆ ಒಂದು ಶಾಲನ್ನೂ ಹೊದಿಸಿದರು. ಗಂಗಾವತಿಯಲ್ಲೂ ಅಂದಿನಿಂದಲೇ ಲೈನು ಹೋಗದೆ ನಿಂತಿತು. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇದ್ದಾಗ ತ್ಯಾವ ಹೇಗೆ ಇಳಿಯಿತು ಎಂದು ಕಸ್ತೂರೆಮ್ಮ ಕೇಳಿದಳು. ಅಕ್ಕಿ ಹೀರಿತು ಅಂದ.

ಆದರೆ ನೆಟ್ ನಾಗೇಶ ಎಂದು ಯಲಬುರ್ಗಾದಲ್ಲಿ ಈಗ ಯಾರೂ ಕರೆಯುವುದಿಲ್ಲ. ಅಲ್ಲಿ ಅವನು ಬಳಿ ನಾಗೇಶ. ಹೆಸರು ಬಸ್ಸು ಹತ್ತಿ ಕುಕನೂರಿಗೂ ಕುಷ್ಟಗಿಗೂ ಹೋಗಿದೆ. ಅವನ ಮೋಟರ್ ಸೈಕಲ್ಲು ಶಾಖೆಯ ಗೇಟಿಗೆ ಬಂದು ನಿಂತರೆ ಸರತಿಯಲ್ಲಿರುವ ಹೆಂಗಸರು ಒಬ್ಬರನ್ನೊಬ್ಬರು ನೋಡಿ, ಸೆರಗಿನಿಂದ ಕೈ ಹೊರತೆಗೆದು, ಮಾತಿಲ್ಲದೆ ಒಮ್ಮೆ ಬಳೆ ಕುಲುಕುತ್ತಾರೆ. ಅವನು ಆ ಸದ್ದಿನ ನಡುವೆಯೇ ಒಳಗೆ ಹೋಗುತ್ತಾನೆ, ಅಭ್ಯಾಸಬಲದಿಂದ ಪರದೆಗೆ ಕೈ ಹಾಕುತ್ತಾನೆ.

"ಅಲ್ಲೇ ಇರ್ಲಿ ಬಿಡ್ರಿ ಅಣ್ಣಾರ," ಅನ್ನುತ್ತಾಳೆ ದುರ್ಗಾದೇವಿ, ತಲೆಯೆತ್ತದೆ. "ಎಲ್ಲಾರೂ ನೋಡ್ಲಿ."